ಪೇಪರಿನಲ್ಲಿ ಬಂದ ನೀರು

ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಯಂಕೇಶನಿಗೆ ಹಾಯಿದೋಣಿಯ ಹುಚ್ಚು ಯಾಕೆ ಹತ್ತಿತು ಎಂದು ಕೇಳಿದರೆ ಅವನ ಹೆಂಡತಿಯೂ ಹೇಳಲಾರಳು. ಗಿಣಿಗೇರಾದಲ್ಲಿ ವೆಲ್ಡಿಂಗ್ ಮಾಡುವ ಗೆಳೆಯ ರಫೀಯ ಶೆಡ್ಡಿನಲ್ಲಿ ಇಬ್ಬರೂ ಸೇರಿ ಮೂರು ವರ್ಷ ಗುದ್ದಾಡಿ ದೋಣಿ ಕಟ್ಟಿದ್ದರು. ಇನ್ನು ಅದನ್ನು ತುಂಗಭದ್ರಾ ಹಿನ್ನೀರಿಗೆ ಇಳಿಸಬೇಕು. ಅನುಮತಿ ಕೊಡಬೇಕಾದ ಅಧಿಕಾರಿ ಅನುಷಾ ಮೇಡಂ ಒಂದೇ ಮಾತು ಹೇಳಿದ್ದರು: ದೋಣಿಯಲ್ಲೊಂದು ಲ್ಯಾಪ್‌ಟಾಪು ಇರಬೇಕು, ಅದು ದಾರಿಯನ್ನೂ ಗಾಳಿಯನ್ನೂ ತೋರಿಸಬೇಕು, ಶನಿವಾರ ತಾವೇ ಕೂತು ನೋಡುತ್ತಾರೆ. ಇಲ್ಲದಿದ್ದರೆ ದೋಣಿ ಶೆಡ್ಡಿನಲ್ಲೇ ಕಾರ್ಖಾನೆಯ ಧೂಳು ತಿನ್ನುತ್ತ ಬಿದ್ದಿರಬೇಕು.

ಸಾಫ್ಟ್‌ವೇರ್ ಅಂದರೆ ತನ್ನ ಕಸುಬೇ ಎಂದುಕೊಂಡಿದ್ದ ಯಂಕೇಶನ ಜಂಬ ಬೇಗ ಇಳಿಯಿತು. ಇಳಿಸಿಕೊಂಡು ನೋಡಿದವುಗಳಲ್ಲಿ ಮೊದಲನೆಯದು ಸಮುದ್ರದ್ದು. ಅದರ ನಕ್ಷೆಯಲ್ಲಿ ಕಾರವಾರ ದಾಟಿ ಈಚೆ ಬಂದರೆ ಬರೀ ಹಳದಿ ಬಯಲು. ದೋಣಿಯ ಗುರುತು ಇಟ್ಟರೆ, ನೆಲಕ್ಕೆ ಹತ್ತಿದ್ದೀರಿ ಎಂದು ಕಿರುಚಿತು. ಎರಡನೆಯದು ಗಾಳಿಯನ್ನು ಚೆಂದ ತೋರಿಸುತ್ತಿತ್ತು, ಆದರೆ ನೆಟ್ ಹೋದೊಡನೆ ಕಣ್ಣು ಮುಚ್ಚುತ್ತಿತ್ತು. ಹಿನ್ನೀರಿನ ದಂಡೆಗೆ ನೆಟ್ ಎಲ್ಲಿಂದ ಬರಬೇಕು? ಮೂರನೆಯದು ಸಮುದ್ರದ ಭರತ-ಇಳಿತದ ಹೊತ್ತು ತುಂಬಿಕೊಡದೆ ಒಂದು ಹೆಜ್ಜೆ ಮುಂದಿಡಲೊಲ್ಲದು.

"ನಮ್ಮ ನೀರು ಇವಕ್ಕ ನೀರ ಅಲ್ಲೇನೋ ರಫೀ?" ಎಂದು ಯಂಕೇಶ ಮೌಸನ್ನು ಮೇಜಿಗೆ ಕುಕ್ಕಿದ.

"ಸಿಟ್ಟಿಗೇಳಬ್ಯಾಡ ಅಣ್ಣಾ. ನಮ್ಮ ನಕ್ಷಾ ನಾವ ಬರಕೊಳ್ಳಾಕ ಬಿಡೋದು ಯಾವುದರ ಐತೇನ ನೋಡು."

ಅಂಥದ್ದೊಂದು ಸಿಕ್ಕಿತು, ಅದೂ ಪುಕ್ಕಟೆ. ಗಾಳಿಯ ಮುನ್ಸೂಚನೆಯನ್ನು ಮೊದಲೇ ಇಳಿಸಿಕೊಂಡು ಹೋಗಬಹುದಿತ್ತು. ಇಬ್ಬರೂ ಕೂತು ಹಿನ್ನೀರಿನ ಅಂಚು ಬರೆದರು. ಆಮೇಲೆ ಅದು ಕೇಳಿತು: ನೀರೆಷ್ಟು? ಕಾಲುವೆ ಸೀಮೆಯಲ್ಲಿ ಹುಟ್ಟಿದವರಿಗೆ ಇದೂ ಒಂದು ಪ್ರಶ್ನೆಯೇ! ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಇಲ್ಲಿ ಎಲ್ಲರೂ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ಹುಡುಕುವುದೇ ಡ್ಯಾಮಿನ ನೀರಿನ ಮಟ್ಟವನ್ನು. ರಫೀ ಪೇಪರ್ ನೋಡಿ ಓದಿದ, ಯಂಕೇಶ ಹಾಕಿದ: 1620 ಅಡಿ.

ಶನಿವಾರ ಮೂವರೂ ದೋಣಿ ಹತ್ತಿದರು, ಲ್ಯಾಪ್‌ಟಾಪು ಹೇಳಿದ ಹೊತ್ತಿಗೇ ಗಾಳಿ ಬೀಸಿತು. ಅನುಷಾ ಮೇಡಂ ಪರದೆ ನೋಡಿ, "ಛಲೋ ಐತ್ರಿ" ಎಂದರು. ಯಂಕೇಶನ ಎದೆ ಹಾಯಿಗಿಂತ ಹೆಚ್ಚು ಉಬ್ಬಿತು. ಅಷ್ಟರಲ್ಲಿ ದೋಣಿ ಗಕ್ಕನೆ ನಿಂತಿತು. ನೀರು ಇಳಿದಿದ್ದಾಗ ಯಾರೋ ಸೂರ್ಯಕಾಂತಿ ಬೆಳೆದ ಜಾಗ. ಈಗ ಮೇಲೆ ಮೊಣಕಾಲುದ್ದ ನೀರು, ಕೆಳಗೆ ಅಂಟು ಕೆಸರು. ನೂಕಿದರೂ ಅಲ್ಲಾಡಲಿಲ್ಲ. ಲ್ಯಾಪ್‌ಟಾಪು ಮಾತ್ರ, ಆಳ ಧಾರಾಳವಾಗಿದೆ, ಭಯವಿಲ್ಲ ಎನ್ನುತ್ತಿತ್ತು.

"ಇಲ್ಲಿ ನೀರು ಎಷ್ಟಂತ ಹಾಕೀರಿ?" ಮೇಡಂ ಕೇಳಿದರು.

"ಪೇಪರ್‌ನಾಗ ಬಂದಷ್ಟರಿ."

"ಅಯ್ಯ, ಅದು ಸಮುದ್ರದ ಮಟ್ಟದಿಂದ ಎಣಿಸಿದ್ದರಿ! ನೀರು ಎಷ್ಟು ಎತ್ತರದಾಗ ನಿಂತೈತಿ ಅನ್ನೋದು. ಆಳ ಅಲ್ಲ!"

ಯಂಕೇಶನಿಗೆ ನಾಚಿಕೆಯಿಂದ ಕಿವಿ ಕಾದವು. ಸಮುದ್ರದ ಸಾಫ್ಟ್‌ವೇರ್ ಎಂದು ಬೇರೆಯವನ್ನು ಬೈದು ಬಿಸಾಕಿದ್ದ. ನಮ್ಮದು ಎಂದು ಆರಿಸಿಕೊಂಡಿದ್ದಕ್ಕೆ ತಾನೇ ಕೈಯಾರೆ ಸಮುದ್ರ ತುಂಬಿದ್ದ.

"ಅನುಮತಿ ಕೊಡಾಕ ಬರಂಗಿಲ್ರಿ," ಎಂದು ಮೇಡಂ ಲ್ಯಾಪ್‌ಟಾಪು ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯ ಕಡೆ ಹೊರಟರು.

ರಫೀ ಪ್ಯಾಂಟು ಮಡಚಿ ನೀರಿಗಿಳಿದ. "ಇಳಿ ಅಣ್ಣಾ," ಎಂದ, "ಸಾವಿರದ ಆರನೂರಾ ಇಪ್ಪತ್ತ ಅಡಿ ನೀರಾಗ ನಿಂತು ದೋಣಿ ನೂಕೂಣು."