ಪಟ್ಟಿಯಲ್ಲಿಲ್ಲದ ಫೆಲ್ಡರ್‌ಬೆಕ್

೧೯೬೩ರ ಮೇ ತಿಂಗಳ ಒಂದು ದಿನ ಎವಾಲ್ಡ್ ನೊವಾಟ್ಸ್ಕಿ ಗಣಿಯಿಂದ ಮೇಲೆ ಬಂದು ಮೈ ತೊಳೆಯುತ್ತಿದ್ದಾಗ ಪಕ್ಕದವನು ಒದ್ದೆ ಕೈಯಲ್ಲೇ ಪತ್ರಿಕೆ ಚಾಚಿದ. ಇಡೀ ದೇಶಕ್ಕೆ ಒಂದೇ ಫುಟ್‌ಬಾಲ್ ಲೀಗ್, ಬುಂಡೆಸ್‌ಲಿಗಾ, ಆಗಸ್ಟ್‌ನಲ್ಲಿ ಶುರುವಾಗಲಿತ್ತು. ಆಯ್ದ ಹದಿನಾರು ತಂಡಗಳಲ್ಲಿ ಫೆಲ್ಡರ್‌ಬೆಕ್ ಇರಲಿಲ್ಲ.

ಎವಾಲ್ಡ್ ಆ ತಂಡದ ನಾಯಕ. ವಯಸ್ಸು ಮೂವತ್ತು. ಚಳಿಗಾಲದಲ್ಲಿ ರೈನ್ ದಂಡೆಯ ದೊಡ್ಡ ಕ್ಲಬ್ಬೊಂದು ಅವನನ್ನು ಕರೆದಿತ್ತು. “ಹೋಗು, ಈ ಧೂಳಾದ್ರೂ ತಪ್ಪುತ್ತೆ,” ಎಂದು ಹೆಂಡತಿ ಇರ್ಮ್‌ಟ್ರಾಟ್ ಬೆನ್ನು ಹತ್ತಿದ್ದಳು. ಆದರೆ ಫೆಲ್ಡರ್‌ಬೆಕ್ ಕ್ಲಬ್ಬಿನ ಅಧ್ಯಕ್ಷ ರೋಸ್ನರ್ ಮನೆಗೇ ಬಂದು ಕೂತುಬಿಟ್ಟರು. “ಹೊಸ ಲೀಗ್‌ನಲ್ಲಿ ನಮ್ಮ ಜಾಗ ಖಾತ್ರಿ ಕಣೋ. ನೀನು ಹೋದ್ರೆ ಹುಡುಗ್ರೆಲ್ಲ ಚೆದುರಿಹೋಗ್ತಾರೆ.” ಇನ್ನೆರಡು ವರ್ಷ ಇಲ್ಲೇ ಆಡುವುದಾಗಿ ಎವಾಲ್ಡ್ ಸಹಿ ಹಾಕಿದ್ದ.

ಪತ್ರಿಕೆ ಓದಿದವನೇ ಕ್ಲಬ್ಬಿನ ಕಚೇರಿಗೆ ಹೋದ. ಅಲ್ಲಿ ಟೈಪ್ ಮಾಡುವ ಹೆಡ್‌ವಿಗ್ ಒಬ್ಬಳೇ ಇದ್ದಳು. ಅವನ ಮುಖ ನೋಡಿ ಎದ್ದು ಬಾಗಿಲು ಮುಚ್ಚಿದಳು.

“ಇನ್ನೆಷ್ಟು ದಿನ ಹೊಟ್ಟೇಲಿ ಇಟ್ಕೊಳ್ಳಲಿ, ಓದು,” ಎಂದು ದೇಶದ ಫುಟ್‌ಬಾಲ್ ಸಂಘದಿಂದ ಬಂದ ಕಾಗದವೊಂದನ್ನು ಮುಂದಿಟ್ಟಳು.

ಮೈದಾನದಲ್ಲಿ ದೀಪಗಳಿಲ್ಲ, ಪ್ರೇಕ್ಷಕರಿಗೆ ಜಾಗ ಸಾಲದು, ನಿಮ್ಮ ಅರ್ಜಿ ಪರಿಗಣಿಸಲಾಗದು. ಅದು ಬಂದದ್ದು ಜನವರಿಯಲ್ಲಿ, ಅವನು ಸಹಿ ಹಾಕುವುದಕ್ಕೆ ಒಂಬತ್ತು ದಿನ ಮೊದಲು.

ರೋಸ್ನರ್ ತಮ್ಮ ಪೀಠೋಪಕರಣದ ಅಂಗಡಿಯಲ್ಲಿ ಯಾರಿಗೋ ಸೋಫಾ ತೋರಿಸುತ್ತಿದ್ದರು. ಗಿರಾಕಿಗಳು ಹೋಗುವವರೆಗೆ ಎವಾಲ್ಡ್ ಕಾದ.

“ಯಜಮಾನ್ರೇ, ಜನವರೀಲೇ ಗೊತ್ತಿತ್ತಾ ನಿಮಗೆ?”

ರೋಸ್ನರ್ ಸುಳ್ಳು ಹೇಳಲಿಲ್ಲ. “ಹೇಳಿದ್ರೆ ನೀನು ಇರ್ತಿದ್ಯಾ?”

“ಇಲ್ಲ.”

“ಮತ್ತೆ? ಅಧ್ಯಕ್ಷ ಆದವನು ತಂಡ ಉಳಿಸ್ಕೋಬೇಕಲ್ಲಪ್ಪ.”

“ಈಗಲಾದ್ರೂ ಬಿಟ್ಬಿಡಿ ನನ್ನ.”

“ಸಹಿ ಹಾಕಿದೀಯಲ್ಲ,” ಎಂದು ರೋಸ್ನರ್ ಸೋಫಾದ ಮೇಲಿನ ಸುಕ್ಕು ಸವರಿದರು.

ಆದರೂ ಎವಾಲ್ಡ್ ರೈನ್ ದಂಡೆಯ ಕ್ಲಬ್ಬಿಗೆ ಫೋನ್ ಮಾಡಿದ. ಅವರು ಇಪ್ಪತ್ತೆರಡರ ಹುಡುಗನೊಬ್ಬನನ್ನು ಆಗಲೇ ತೆಗೆದುಕೊಂಡಿದ್ದರು. ಸಂಜೆ ಇರ್ಮ್‌ಟ್ರಾಟ್ ಆಲೂಗಡ್ಡೆ ಹುರಿದು ತಟ್ಟೆಗೆ ಬಡಿಸಿದಳು, ತನ್ನ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಆಗಸ್ಟ್‌ನಲ್ಲಿ ಬುಂಡೆಸ್‌ಲಿಗಾ ಶುರುವಾದ ಶನಿವಾರ ಬೀದಿಯ ಪ್ರತಿ ಕಿಟಕಿಯಿಂದಲೂ ರೇಡಿಯೊ ಕೂಗಿತು. ಮರುದಿನ ಕೆಳದರ್ಜೆಯ ಲೀಗ್‌ನಲ್ಲಿ ಎವಾಲ್ಡ್ ತಂಡವನ್ನು ಮೈದಾನಕ್ಕೆ ಕರೆತಂದಾಗ ಆರುನೂರು ಜನರೂ ಇರಲಿಲ್ಲ. ರೋಸ್ನರ್ ಅವರ ಕುರ್ಚಿ ಖಾಲಿ. ಹಿಂದಿನ ದಿನ ಬುಂಡೆಸ್‌ಲಿಗಾ ಆಟ ನೋಡಲು ಹೋದವರು ಅಲ್ಲೇ ಉಳಿದಿದ್ದರು.

“ಏ ಎವಾಲ್ಡ್, ಬುಂಡೆಸ್‌ಲಿಗಾಕ್ಕೆ ಹೊರಟವನು ದಾರಿ ತಪ್ಪಿ ಇಲ್ಲಿಗೆ ಬಂದ್ಯಾ?” ಎಂದು ಯಾರೋ ಬೇಲಿಯಾಚೆಯಿಂದ ಕೆಣಕಿದರು. ಜನ ನಕ್ಕರು. ಕಾಗದದ ವಿಷಯ ಅವನ ನಾಲಿಗೆಯ ತುದಿಗೆ ಬಂತು. ಅದನ್ನು ತೋರಿಸಿದ್ದು ಯಾರೆಂದು ರೋಸ್ನರ್ ಅಂದು ಕೇಳಿರಲಿಲ್ಲ; ಊರಿಗೆಲ್ಲ ತಿಳಿದರೆ ಕೇಳದೆ ಬಿಡುತ್ತಿರಲಿಲ್ಲ, ಹೆಡ್‌ವಿಗ್ ಕೆಲಸ ಹೋಗುತ್ತಿತ್ತು. ನುಂಗಿಕೊಂಡ.

ಎರಡು ವರ್ಷದಲ್ಲಿ ಒಂದು ಪಂದ್ಯವನ್ನೂ ಅವನು ತಪ್ಪಿಸಲಿಲ್ಲ. ರೋಸ್ನರ್ ಅವರ ಕೈಯನ್ನು ಒಮ್ಮೆಯೂ ಕುಲುಕಲಿಲ್ಲ. ಅವರೋ ಬಿಯರ್ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು: “ದೊಡ್ಡ ಕ್ಲಬ್ ಕರೆದ್ರೂ ಹೋಗ್ಲಿಲ್ಲ ನಮ್ಮ ಎವಾಲ್ಡ್. ಅಂಥ ನಿಯತ್ತು ಈಗಿನವರಿಗೆ ಎಲ್ಲಿ ಬರ್ಬೇಕು?”