ಹೊನ್ನೆಎಣ್ಣೆಯ ಬಲ

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮಾಬ್ಲ ಹೊನ್ನಾವರದ ಬಂದರಿಗೆ ಇಳಿದು, ಹೊಳೆಯಾಚೆಯ ಕಾಸರಕೋಡಿಗೆ ಹೊರಡಲು ನಿಂತ ಲಾಂಚನ್ನು ಹತ್ತಿ, ಎಂಜಿನ್ನಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಅದರ ಹೊಟ್ಟೆಯಿಂದ ಉಸಿರು ಹೊರಬಿಡುವ ಸಣ್ಣ ಕೊಳವೆಗೆ ಅಂಗೈ ಒಡ್ಡುತ್ತಿದ್ದ. ಲಾಂಚಿನ ಯಜಮಾನ ಹರಿಹರ ಸಾಹುಕಾರರು ಅವನನ್ನು ಚಾಲಕನ ಕೆಲಸದಿಂದ ಬಿಡಿಸಿದ ಮೇಲೂ ಈ ಪದ್ಧತಿ ಒಂದು ದಿನ ತಪ್ಪಲಿಲ್ಲ. ಹೊಸ ಚಾಲಕ ಶಿವ ತಡೆಯಲೂ ಹೋಗಲಿಲ್ಲ. ಮಾಬ್ಲ ಅಂಗೈಗೆ ಬಡಿಯುವ ಹೊಗೆಯ ಬಿರುಸನ್ನೂ ಅದರೊಡನೆ ಸಿಡಿಯುವ ಎಣ್ಣೆಯ ಹನಿಗಳನ್ನೂ ನೋಡಿ, ಬಾಯೊಳಗೇ ಯಾರನ್ನೋ ಬೈದು, ಕೈಯನ್ನು ಕೋಟಿಗೆ ಒರೆಸಿಕೊಂಡು ಎದ್ದುಬರುವನು. ಯುದ್ಧಕಾಲದಲ್ಲಿ ಮುಂಬೈಯ ಹಡಗುಕಟ್ಟೆಯಲ್ಲಿ ದುಡಿದಾಗ ಸಿಕ್ಕ ಆ ಖಾಕಿ ಕೋಟಿನ ಬಲಮಗ್ಗುಲು ಕಪ್ಪಾಗಿ, ಒರಟಾಗಿ, ಬಿಚ್ಚಿಟ್ಟರೆ ತಾನೇ ನಿಲ್ಲುವಂತಿತ್ತು.

ನೆಲದ ಮೇಲೂ ಅವನು ದೋಣಿಯಲ್ಲಿ ನಡೆದಂತೆ ಕಾಲಗಲಿಸಿಯೇ ನಡೆಯುವುದು. ಯಾರು ಏನೆಂದರೂ ಮೊದಲ ಮಾತು "ಹಾಂಗಲ್ಲ". ಮಳೆ ಬರುವಂತಿದೆ ಎಂದರೂ "ಹಾಂಗಲ್ಲ" ಎಂದು ತಡೆದು, ಮೋಡವನ್ನೆಲ್ಲ ವಿವರಿಸಿ, ಕೊನೆಗೆ ಮಳೆ ಬರುತ್ತದೆ ಎಂದೇ ಹೇಳುವನು. ಇದರಿಂದಾಗಿ ಬಂದರಿನಲ್ಲಿ ಅವನ ಮಾತಿಗೆ ಕಿವಿಗೊಡುವವರು ಕಡಿಮೆ. ನನ್ನ ಮನೆ ಬಂದರಿನ ಮೇಲಣ ಓಣಿಯಲ್ಲಿ. ದೇವರಿಗೆ ಹೂ ಕಟ್ಟುತ್ತ ಜಗಲಿಯಲ್ಲಿ ಕೂತವಳಿಗೆ ಕೇಳುವ ವ್ಯವಧಾನವಿತ್ತು. ಅವನಿಗೆ ಹೇಳುವ ಸಂಕಟವಿತ್ತು.

ಸಂಕಟದ ಮೂಲ ಆ ಎಂಜಿನ್ನೇ. ಘಟ್ಟದ ಮೇಲೆ ಯಾರದೋ ಹೊಲ ಉತ್ತು ಮುದಿಯಾದ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಸಾಹುಕಾರರು ಕಳಚಿ ತಂದು ಲಾಂಚಿಗೆ ಕೂರಿಸಿದ್ದರು. ಮಾಬ್ಲ ಅದರ ತಲೆ ಬಿಚ್ಚಿ, ಸಿಲಿಂಡರಿನೊಳಗೆ ಉಗುರು ಎಳೆದು ನೋಡಿದನಂತೆ. ಹೊಲದ ಧೂಳು ಒಳಗೋಡೆಯನ್ನು ತಿಂದಿತ್ತು. ಪಿಸ್ಟನ್ನಿನ ಬಳೆ ತಲುಪದ ತುದಿ ಮಾತ್ರ ಸವೆಯದೆ ಅಂಚಾಗಿ ಉಳಿದು ಉಗುರಿಗೆ ತಡೆಯುತ್ತಿತ್ತು.

"ಅಮ್ಮಾ, ಹೊಸ ಬಳೆ ಒಂದನ್ನ ಸಿಲಿಂಡರಿನೊಳಗೆ ಕೆಳಗಿಟ್ರೆ ಅದ್ರ ಸಂದಿಯಲ್ಲಿ ಬ್ಲೇಡು ಮಾತ್ರ ಹೋಗ್ತದೆ, ಮೇಲಿಟ್ರೆ ತಾಮ್ರದ ದುಡ್ಡೇ ತೂರಿ ಹೋಗ್ತದೆ. ಬಳೆ ಬದಲಿಸಿದ್ರೆ ಎಂತ ಆತು? ಗೋಡೆಯೇ ಇಲ್ಲ ಅಲ್ಲಿ. ಉರಿದ ಹೊಗೆಯೆಲ್ಲ ಆ ಸಂದಿಯಿಂದ್ಲೇ ಹೊಟ್ಟೆಗಿಳಿದು ಕೊಳವೆಯಲ್ಲಿ ಬತ್ತದೆ."

ಸಿಲಿಂಡರು ಕೊರೆಸಿ ಸರಿಮಾಡಿಸಲು ಮುಂಬೈಗೆ ಹೋಗಲಿ, ಅಲ್ಲಿಯವರೆಗೆ ಲಾಂಚು ನಿಲ್ಲಲಿ ಎಂದದ್ದಕ್ಕೇ ಅವನ ಕೆಲಸ ಹೋಯಿತು. ಆಮೇಲೆ ಎಂಜಿನ್ನು ಬೆಳಿಗ್ಗೆ ಚಾಲೂ ಆಗದಾದಾಗ ಸಾಹುಕಾರರೇ ಒಂದು ಮದ್ದು ಕಂಡುಕೊಂಡರು. ದೋಣಿಯ ಹಲಗೆಗೆ ಬಳಿಯುವ ಹೊನ್ನೆಎಣ್ಣೆಯನ್ನು ಒಂದು ಚಿಪ್ಪಿನಲ್ಲಿ ತಂದು ಸಿಲಿಂಡರಿಗೆ ಸುರಿದರು. ಎಂಜಿನ್ನು ಗಟ್ಟಿಯಾಗಿ ಹಿಡಿಯಿತು. ಮರಕ್ಕೆ ಒಗ್ಗಿದ್ದು ಕಬ್ಬಿಣಕ್ಕೂ ಒಗ್ಗಿತೆಂದು ಬಂದರೆಲ್ಲ ತಲೆದೂಗಿತು. ಮಾಬ್ಲ ಮಾತ್ರ ಕುದಿದುಹೋದ. ಎಣ್ಣೆ ಸಂದನ್ನು ತುಂಬಿದಷ್ಟು ಹೊತ್ತು ಮಾತ್ರ ಆ ಬಲ, ಅದು ಉರಿದು ಮುಗಿಯುವುದು ಸರಿಯಾಗಿ ನಡುಹೊಳೆಯಲ್ಲಿ ಎಂದು ಕಂಡಕಂಡವರಿಗೆ ಹೇಳಿದ. ಬೇಸಗೆಯಲ್ಲಿ ಲಾಂಚು ನಡುವೆ ನಿಂತರೆ ಬಿದಿರಿನ ಜಲ್ಲೆ ಊರಿ ದಡಕ್ಕೆ ತರುತ್ತಿದ್ದರು. ಜನ ನಕ್ಕು ಮರೆಯುತ್ತಿದ್ದರು.

ಆ ವರ್ಷದ ಮೊದಲ ಮಳೆಗೆ ಶರಾವತಿ ಕೆಂಪಾಗಿ ಏರಿತು. ಇಳಿತದ ಹೊತ್ತು, ನೀರೆಲ್ಲ ಅಳಿವೆಯತ್ತ ಎಳೆಯುತ್ತಿತ್ತು, ಅಲ್ಲಿ ಸಮುದ್ರದ ತೆರೆ ಒಡೆಯುವ ಸದ್ದು ನನ್ನ ಜಗಲಿಗೂ ಕೇಳುತ್ತಿತ್ತು. ಗದ್ದಲ ಕೇಳಿ ನಾನೂ ಇಳಿದುಹೋದೆ. ಮಾಬ್ಲ ಹತ್ತುವ ಹಲಗೆಯ ಮೇಲೆ ಅಡ್ಡ ನಿಂತಿದ್ದ. ಎದುರಿಗೆ ಮೀನಿನ ಬುಟ್ಟಿ ಹೊತ್ತು ಸಂತೆಗೆ ಹೊರಟ ಅವನ ಅಕ್ಕ ತಿಮ್ಮಿ.

"ದಾರಿ ಬಿಡಾ ತಮ್ಮಾ. ನೀನು ಎಂಜಿನ್ನು ಮೂಸ್ತಾ ನಿಂತ್ರೆ ನನ್ನ ಮೀನು ನೊಣ ಮೂಸ್ತದೆ."

"ಹಾಂಗಲ್ಲ ಅಕ್ಕಾ. ಮೀನು ನಾಳೆಗೂ ಸಿಕ್ತದೆ."

"ನಾಳೆ ನಿನ್ನ ಮುಂಬೈ ಹಡಗು ತಕ್ಕಂಡು ಬತ್ಯಾ ನನ್ನ ದಾಟಿಸೂಕೆ?"

ಜನ ನಕ್ಕರು. ಸಾಹುಕಾರರು ಕೊಡೆಯ ಕೆಳಗಿನಿಂದಲೇ ಹೇಳಿದರು: "ಕೆಲ್ಸ ಹೋದವನ ಹೊಟ್ಟೆಉರಿ ಇದು. ಎಂಜಿನ್ನಿಗೆ ಪೂಜೆ ಆಗಿದೆ. ದೇವರಿದ್ದಾನೆ, ಹತ್ತಿ."

ನನಗೆ ಮೈಯೆಲ್ಲ ಉರಿಯಿತು. ತನ್ನ ಲೋಭದಿಂದಾದ ಸಂದನ್ನು ಮುಚ್ಚಲು ಎಣ್ಣೆ ಸಾಲದೆ ದೇವರ ಹೆಸರನ್ನೂ ಸುರಿಯುವ ಈ ಭಕ್ತಿ ಎಂಥದು? ಬೇಡುವುದಕ್ಕೆ ಮೊದಲು ತನ್ನ ಕೈಲಾದುದನ್ನು ಮಾಡಿರಬೇಕೆಂದು ನಾನು ನಂಬಿದ್ದೆ.

ಮಾಬ್ಲ ಶಿವನತ್ತ ತಿರುಗಿದ. "ಹಗ್ಗ ಬಿಚ್ಚೂದು ಬೇಡ. ಕಟ್ಟಿದ್ದಲ್ಲೇ ಪೂರಾ ಓಡ್ಸು. ಯಾರಾದ್ರೂ ಒಂದು ಎಲೆಅಡಿಕೆ ಹಾಕ್ಕಣಿ. ಅದು ಜಗಿದು ಉಗಿಯೂ ತನಕ ಓಡಿದ್ರೆ, ನಾನೇ ಮೊದ್ಲು ಹತ್ತತೆ."

ಯಾರೋ ತಮಾಷೆಗೆ ಎಲೆಗೆ ಸುಣ್ಣ ಸವರಿದರು. ಶಿವ ಎಂದಿನಂತೆ ಚಿಪ್ಪಿನ ಹೊನ್ನೆಎಣ್ಣೆ ಸುರಿದು ಎಂಜಿನ್ನು ಹಿಡಿಸಿದ. ಲಾಂಚು ಮುಂದಕ್ಕೆ ಜಗ್ಗಿ, ಕಂಬಕ್ಕೆ ಕಟ್ಟಿದ ಹಗ್ಗ ಬಿಗಿದು ಹಿಂಡಿದಂತೆ ನೀರಿಳಿಯಿತು. ಸಾಹುಕಾರರ ಮುಖ ಅರಳಿತು. ಆಮೇಲೆ ಕೊಳವೆಯಿಂದ ನೀಲಿ ಹೊಗೆ ಎದ್ದಿತು, ಸದ್ದು ಒಡೆಯಿತು, ಹಗ್ಗ ಮೆಲ್ಲಗೆ ಸಡಿಲಾಗಿ ಜೋಲಿತು. ಎಂಜಿನ್ನು ನಿಂತಿತು. ಲಾಂಚು ಪ್ರವಾಹಕ್ಕೆ ಸಿಕ್ಕಿ ಹಿಂದೆ ತಿರುಗಿ, ಅಳಿವೆಯ ಕಡೆಗೆ ಮುಖವಾಗಿ, ಅದೇ ಹಗ್ಗದಲ್ಲಿ ನೇತಾಡಿತು. ಎಲೆ ಹಾಕಿದವನ ಬಾಯಿ ಇನ್ನೂ ಕೆಂಪಾಗಿರಲೇ ಇಲ್ಲ.

ಮಾಬ್ಲನಿಗೆ ಸಿಕ್ಕಿದ್ದು ಬೈಗುಳವೇ. ಸಂತೆ ತಪ್ಪಿತು, ಮೀನು ಹಾಳಾಯಿತು ಎಂದು ಗುಂಪು ಗೊಣಗುತ್ತ ದೋಣಿ ಹುಡುಕಲು ಹೋಯಿತು. ತಿಮ್ಮಿ ಬುಟ್ಟಿ ಇಳಿಸಿ, "ಇದನ್ನ ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದಳು. "ಹಾಂಗಲ್ಲ ಅಕ್ಕಾ," ಎನ್ನುತ್ತ ಅವನು ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡು ದೋಣಿಗಳ ಕಡೆ ನಡೆದ.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ನಾವು ಅವರನ್ನು ಜಗಳಗಂಟರೆನ್ನುತ್ತೇವೆ. ಮುರಿದದ್ದು ಎಲ್ಲರಿಗೂ ಕಾಣುತ್ತದೆ, ಸವೆಯುತ್ತಿರುವುದು ಇವರಿಗೆ ಮಾತ್ರ ಕಾಣುತ್ತದೆ. ಕಂಡದ್ದನ್ನು ಹೇಳದಿದ್ದರೆ ಇವರಿಗೆ ನಿದ್ದೆ ಬಾರದು, ಹೇಳಿದರೆ ನಮಗೆ ಸಹನೆ ಇಲ್ಲ. ಅನಾಹುತ ತಪ್ಪಿದ ದಿನ, ತಪ್ಪಿತೆಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲವಾದ್ದರಿಂದ, ಇವರನ್ನು ಯಾರೂ ನೆನೆಯುವುದೂ ಇಲ್ಲ.

ಸಂಜೆ ಸಾಹುಕಾರರು ಮಾಬ್ಲನ ಅಂಗಳಕ್ಕೇ ಬಂದರಂತೆ. ಸಿಲಿಂಡರನ್ನು ಮುಂಬೈಗೆ ಕಳಿಸುವುದಾಗಿ ಹೇಳಿ, ದನಿ ತಗ್ಗಿಸಿದರು. "ಲಾಂಚು ಮತ್ತೆ ಶುರುವಾದ್ಮೇಲೆ ನಿನ್ನ ಅಕ್ಕಂಗೆ ಜನ್ಮವಿಡೀ ಪುಕ್ಕಟೆ. ನೀನು ಮಾತ್ರ ಬಂದರಲ್ಲಿ ಎಂಜಿನ್ನಿನ ಮಾತೆತ್ತೂದು ಬೇಡ. ಆತಾ?"

"ಬೇಡ ಸಾವ್ಕಾರ್ರೆ," ಎಂದ ಮಾಬ್ಲ. "ಅಕ್ಕ ದುಡ್ಡು ಕೊಟ್ಟೇ ಬತ್ತಾಳೆ. ಪುಕ್ಕಟೆ ಕೂತವಳಿಗೆ, ನಡುಹೊಳೆಯಲ್ಲಿ ಲಾಂಚು ನಿಂತ್ರೆ, ಬೈಯೂಕೆ ಬಾಯಿರೂದಿಲ್ಲ."