ಹಲಗೆ ರಾಶಿಯ ಬಾಡಿಗೆದಾರ

ಆ ಬಡಗಿಗೆ ಒಂದು ವಿಚಿತ್ರ ಕಾಯಿಲೆ. ಯಾವ ತುಂಡನ್ನೂ ಎಸೆಯುವವನಲ್ಲ. ಮುರಿದ ಕಿಟಕಿ, ಸೊಟ್ಟ ಹಲಗೆ, ಯಾರೋ ಬಿಟ್ಟುಹೋದ ಮಂಚದ ಕಾಲು, ಎಲ್ಲವೂ ಹಿತ್ತಲಲ್ಲಿ ಅಡುಗೆಮನೆಯ ಗೋಡೆಗೆ ಒರಗಿ ಗುಡ್ಡವಾಗಿ ಬೆಳೆದಿದ್ದವು.

ಪಕ್ಕದ ಮನೆಯ ನರ್ಸು ಬೇಲಿಯಾಚೆಯಿಂದ ಹೇಳಿ ಹೇಳಿ ಸುಸ್ತಾಗಿದ್ದಳು. "ಅಣ್ಣಾ, ರಾಶಿ ಇದ್ರೆ ಇಲಿ ಸೇರುತ್ತೆ. ಇಲಿ ಹುಡ್ಕೊಂಡು ಹಾವು ಬರುತ್ತೆ. ಖಾಲಿ ಮಾಡು."

"ಬರಲಿ ಬಿಡು, ಬಾಡಿಗೆ ವಸೂಲಿ ಮಾಡ್ತೀನಿ" ಎಂದು ಬಡಗಿ ನಗುತ್ತಿದ್ದ.

"ಇವರು ಮನೆ ಬೇಕಾದ್ರೂ ಮಾರ್ತಾರೆ, ಮೊಳೆ ಮಾರಲ್ಲ" ಎಂದು ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಒಲೆಗೆಂದು ರಾಶಿಯೊಳಗೆ ಕೈ ಹಾಕಿ ತುಂಡೊಂದನ್ನು ಎಳೆದಳು.

"ಅಯ್ಯೋ, ರೀ!"

ಬಡಗಿ ಓಡಿಬಂದ. ಅವಳ ಮುಂಗೈಯಲ್ಲಿ ರಕ್ತ ಜಿನುಗುತ್ತಿತ್ತು. ದಪ್ಪನೆಯ ಹಾವೊಂದು ಹಲಗೆಗಳ ಸಂದಿಗೆ ಸರಿಯುತ್ತಿತ್ತು. ಗಾಬರಿಯಲ್ಲಿ ಅವನಿಗೆ ಹೊಳೆದದ್ದು ಬಡಗಿಯ ಉಪಾಯವೇ. ಅಂಟು ಹಚ್ಚಿದ ಹಲಗೆಗಳನ್ನು ಬಿಗಿಹಿಡಿಯುವ ಕಬ್ಬಿಣದ ಕ್ಲಾಂಪು ತಂದು ಅವಳ ತೋಳಿಗೆ ಹಾಕಿ ತಿರುಪು ತಿರುಗಿಸತೊಡಗಿದ.

"ವಿಷ ಮೇಲೆ ಹತ್ತಬಾರ್ದು, ತಡ್ಕೊಳ್ಳೇ!"

"ಹಾವೇ ವಾಸಿಯಾಗಿತ್ತು ಕಣ್ರೀ!"

ಕೂಗು ಕೇಳಿ ನರ್ಸು ಬೇಲಿ ದಾಟಿ ಬಂದಳು. "ಬಿಚ್ಚಣ್ಣಾ ಅದನ್ನ! ಅತ್ತಿಗೆ ಏನು ಬಾಗಿಲಾ? ಹಂಗೆ ಬಿಗಿದ್ರೆ ರಕ್ತ ನಿಂತು ಕೈನೇ ಕಳ್ಕೋಬೇಕಾಗುತ್ತೆ."

"ಹಂಗಾದ್ರೆ ಉಳಿಯಲ್ಲಿ ಸ್ವಲ್ಪ ಕೊಯ್ದು ರಕ್ತ ಬಿಡ್ಲಾ?"

"ಕೊಯ್ಯೋದೂ ಬೇಡ, ಬಾಯಲ್ಲಿ ಹೀರೋದೂ ಬೇಡ. ಅತ್ತಿಗೆ, ಕೂತ್ಕೊಳ್ಳಿ, ಓಡಾಡ್ಬೇಡಿ. ಆಸ್ಪತ್ರೇಲಿ ಇದಕ್ಕೆ ಔಷಧಿ ಇದೆ, ಹೆದರ್ಬೇಡಿ."

ಕೈ ಊದುವ ಮೊದಲೇ ನರ್ಸು ಬಳೆ, ಉಂಗುರ ಕಳಚಿದಳು. ಬಡಗಿಯಿಂದ ನೇರವಾದ ಮರದ ಪಟ್ಟಿಯೊಂದನ್ನು ತರಿಸಿ, ಕೈ ಅಲುಗಾಡದಂತೆ ಅದರ ಮೇಲಿಟ್ಟು ಬಟ್ಟೆಯನ್ನು ಸಡಿಲವಾಗಿ ಸುತ್ತಿದಳು. ಅಷ್ಟರಲ್ಲಿ ಬಡಗಿ ಕೊಡಲಿ ಎತ್ತಿಕೊಂಡು ರಾಶಿಯತ್ತ ಹೊರಟಿದ್ದ.

"ಹಾವು ಹೊಡೆದು ಡಾಕ್ಟರಿಗೆ ತೋರಿಸ್ತೀನಿ!"

"ನಿಂಗೂ ಕಚ್ಚಿದ್ರೆ ಇಬ್ರನ್ನೂ ನಾನೇ ಹೊರಬೇಕಾ? ಹೇಗಿತ್ತು ಅಂತ ಹೇಳಿದ್ರೆ ಸಾಕು. ಗಾಡಿ ಕರಿ. ಔಷಧಿ ಯಾವ ಆಸ್ಪತ್ರೇಲಿದೆ ಅಂತ ನಾನು ಫೋನ್ ಮಾಡಿ ಕೇಳ್ತೀನಿ."

ಆಸ್ಪತ್ರೆಯಲ್ಲಿ ತಕ್ಷಣ ವಿಷ ಇಳಿಸುವ ಔಷಧಿ ಹಾಕಿದರು. "ತಡ ಮಾಡದೆ ಕರ್ಕೊಂಡ್ ಬಂದ್ರಿ, ಜೀವ ಉಳೀತು" ಎಂದು ಡಾಕ್ಟರು ಹೇಳಿದಾಗ ಬಡಗಿ ಗೊಳೋ ಎಂದು ಅತ್ತುಬಿಟ್ಟ.

ಅವಳು ಮನೆಗೆ ಬರುವ ಹೊತ್ತಿಗೆ ಹಿತ್ತಲು ಬಟಾಬಯಲಾಗಿತ್ತು. ಹಾವು ಹಿಡಿಯಲು ಬಲ್ಲವರು ಬಂದು ಹಾವನ್ನು ಒಯ್ದಿದ್ದರು. ಒಳ್ಳೆಯ ಹಲಗೆಗಳಷ್ಟೇ ಗೋಡೆಯಿಂದ ದೂರ, ಎತ್ತರದ ಅಟ್ಟಣೆಯ ಮೇಲಿದ್ದವು.

"ನಂಗೋಸ್ಕರ ಅಷ್ಟೂ ಎಸೆದ್ರಾ?"

"ಎಲ್ಲಾ ಸೇರಿದ್ರೂ ನಿನ್ನ ಕಿರುಬೆರಳಿಗೆ ಸಮ ಅಲ್ಲ ಕಣೇ" ಎಂದು ಬಡಗಿ ನಾಚಿಕೊಂಡು ಹೇಳಿದ. ಬೇಲಿಯಾಚೆ ನರ್ಸು ಜೋರಾಗಿ ಕೆಮ್ಮಿದಳು.

ಈಗ ನೀವೂ ಒಮ್ಮೆ ಎದ್ದು ನಿಮ್ಮ ಹಿತ್ತಲು ನೋಡಿ ಬನ್ನಿ. ಸೌದೆ, ಇಟ್ಟಿಗೆ, ಹಳೇ ಸಾಮಾನು ಗೋಡೆಗೆ ಒರಗಿದ್ದರೆ ದೂರ ಸರಿಸಿ. ಕೈ ಹಾಕುವ ಮೊದಲು ಕೋಲಿನಿಂದ ಅಲುಗಿಸಿ. ಕತ್ತಲಲ್ಲಿ ಟಾರ್ಚಿಲ್ಲದೆ ಹೊರಗೆ ಕಾಲಿಡಬೇಡಿ. ಅಕಸ್ಮಾತ್ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನೋಡೋಣ ಎಂದು ಕಾಯಲೂಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮವರು ನಿಮ್ಮ ಜೊತೆಯಲ್ಲೇ ಮನೆಗೆ ವಾಪಸು ಬರಬೇಕಲ್ಲವೇ?